ಇಂದುಮತಿಗೆ ಹೊತ್ತ ಹರಕೆ

ಹಾಲಿನ ಕ್ಯಾನಿನ ಮೇಲೆ ಬಲಗೈ ಇಟ್ಟು ರಾಧ ಆಣೆ ಮಾಡಿದಳು.

"ಹಾಲು ಮುಟ್ಟಿ ಹೇಳ್ತೀನಿ, ಎಲ್ರೂ ಕೇಳ್ಕೊಳ್ರಿ! ಇನ್ಮೇಲೆ ಯಾವ ಸೀರಿಯಲ್ಲಿನ ಮುಂದಿನ ಕಥೆನೂ, ಯಾವ ಸಿನಿಮಾದ ಕೊನೇನೂ ನನ್ ಬಾಯಿಂದ ಬರಲ್ಲ. ಬಂದ್ರೆ ನನ್ ಹಸು ನನ್ನ ಒದೀಲಿ!"

ಕ್ಯಾಸಂಬಳ್ಳಿ ಹತ್ತಿರದ ಆ ಹಳ್ಳಿಯಲ್ಲಿ, ಹಾಲಿನ ಡೈರಿಯ ಮುಂದೆ ಬೆಳಗಿನ ಸಾಲಿನಲ್ಲಿ ನಿಂತಿದ್ದ ಹೆಂಗಸರು ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಭೀಷ್ಮ ಪ್ರತಿಜ್ಞೆ ಮಾಡಿದಾಗ ದೇವತೆಗಳು ಹೂಮಳೆ ಸುರಿಸಿದರಂತೆ. ರಾಧ ಮಾಡಿದಾಗ ಹೂವೇನೂ ಬೀಳಲಿಲ್ಲ. ಹಿಂದೆ ನಿಂತಿದ್ದ ಕಲಾಳ ಮಾತು ಬಿತ್ತು.

"ಹಸು ಮೇಲೆ ಯಾಕಕ್ಕಾ ಭಾರ ಹಾಕ್ತೀರಾ? ಪಾವಂ, ಬಾಯಿಲ್ಲದ ಪ್ರಾಣಿ. ಅದರದ್ದೂ ಸೇರಿಸಿ ನಿಮಗೇ ಎರಡು ಬಾಯಿ ಕೊಟ್ಟವ್ನೆ ದೇವ್ರು."

ಕಲಾ ಊರಿಗಾಂನಿಂದ ಆ ಊರಿಗೆ ಸೊಸೆಯಾಗಿ ಬಂದವಳು. ಅರ್ಧ ತಮಿಳು, ಅರ್ಧ ಕನ್ನಡ, ಪೂರ್ತಿ ಕುಚೇಷ್ಟೆ!

ಇಷ್ಟಕ್ಕೂ ಆಣೆ ಮಾಡುವ ಗತಿ ಯಾಕೆ ಬಂತು ಎಂದರೆ, ರಾಧಳ ತವರು ಕುಪ್ಪಂ ಕಡೆ. ಹುಟ್ಟಿನಿಂದ ತೆಲುಗು, ಮದುವೆಯಿಂದ ಕನ್ನಡ. ಸಂಜೆ ಏಳು ಗಂಟೆಗೆ ಇಡೀ ಊರು ಒಲೆ ಸಣ್ಣ ಮಾಡಿ ಕುಳಿತು ನೋಡುವ ಧಾರಾವಾಹಿ ಇದೆಯಲ್ಲ, ಅದು ತೆಲುಗಿನಿಂದ ಬಂದದ್ದು. ತೆಲುಗಿನದು ಎಷ್ಟೋ ತಿಂಗಳು ಮುಂದೆ ಓಡುತ್ತಿತ್ತು. ಮಧ್ಯಾಹ್ನ ಹಸುವಿಗೆ ಹುಲ್ಲು ಹಾಕಿ, ಜಗಲಿಯ ಮೇಲೆ ಕಾಲು ಚಾಚಿ ರಾಧ ಫೋನಿನಲ್ಲಿ ಅದನ್ನು ನೋಡಿ ಮುಗಿಸುತ್ತಿದ್ದಳು. ಊರಿಗೆಲ್ಲ ಭವಿಷ್ಯವಾಗಿದ್ದುದು ರಾಧಳ ಪಾಲಿಗೆ ನಿನ್ನೆಯ ಹಳಸಿದ ಸಾರು. ಹಳಸಿದ್ದನ್ನು ಹೊಟ್ಟೆಯಲ್ಲಿ ಎಷ್ಟು ಹೊತ್ತು ಇಟ್ಟುಕೊಳ್ಳಲು ಸಾಧ್ಯ? ಡೈರಿಯ ಮುಂದೆ ಬಂದೊಡನೆ ಹೊರಗೆ ಬರುತ್ತಿತ್ತು.

ಅದನ್ನೂ ಸಹಿಸಿಕೊಂಡಿದ್ದರು. ಆದರೆ ಒಂದು ಭಾನುವಾರ ಹೆಂಗಸರೆಲ್ಲ ಪುಳಿಯೋಗರೆ ಕಟ್ಟಿಕೊಂಡು ಬಂಗಾರಪೇಟೆಗೆ ಸಿನಿಮಾ ನೋಡಲು ಹೊರಟರು. ಕೊಲೆಯ ಸಿನಿಮಾ. ರಾಧ ಅದನ್ನೂ ತೆಲುಗಿನಲ್ಲಿ ಆಗಲೇ ನೋಡಿ ಮುಗಿಸಿದ್ದಳು. ಬಸ್ಸಿನಲ್ಲಿ ಕಿಟಕಿಯ ಪಕ್ಕ ಕುಳಿತ ರಾಧ, ತಂಗಾಳಿಗೆ ಮನಸ್ಸು ತುಂಬಿ ಬಂದು, "ಎಂಥ ಒಳ್ಳೇ ಡಾಕ್ಟ್ರು ಅಂತೀರಾ! ಅವನೇ ಕೊಲೆಗಾರ ಅಂತ ಕೊನೇವರೆಗೂ ಗೊತ್ತೇ ಆಗಲ್ಲ ನೋಡಿ" ಎಂದುಬಿಟ್ಟಳು! ಹೆಂಗಸರೆಲ್ಲ ಒಟ್ಟಿಗೆ ಅವಳ ಕಡೆ ತಿರುಗಿದರು. ಹಿಂದಿನ ಸೀಟಿನಲ್ಲಿ ಕುಳಿತಿದ್ದ ಯಾರೋ ಅಪರಿಚಿತ ಗಂಡಸು ಕೂಡ, "ಥೂ, ನಾನೂ ಅದಕ್ಕೇ ಹೊರಟಿದ್ದೆ ಕಣಮ್ಮಾ!" ಎಂದು ಕೂಗಿ ಮುಂದಿನ ಸ್ಟಾಪಿನಲ್ಲಿ ಇಳಿದು ಹೋದ.

ಆಮೇಲೆ ಬಹಿಷ್ಕಾರ. ಸಾಲಿನಲ್ಲಿ ರಾಧಳ ಕ್ಯಾನಿಗೆ ಯಾರೂ ಜಾಗ ಹಿಡಿಯಲಿಲ್ಲ. ಅವಳು ಹತ್ತಿರ ಬಂದರೆ ಸೀರಿಯಲ್ಲಿನ ಮಾತು ತಟ್ಟನೆ ಬೂಸಾ, ಹಿಂಡಿಗಳ ಕಡೆ ತಿರುಗುತ್ತಿತ್ತು. ಊಟ ಬಿಟ್ಟು ಬದುಕಿಯಾಳು, ಹರಟೆ ಬಿಟ್ಟು ರಾಧ ಬದುಕುವುದುಂಟೇ? ಅದಕ್ಕೇ ಆಣೆ.

ಅವಳ ಗಂಡ ಮುನೇಶ್, ಬಂಗಾರಪೇಟೆಯಲ್ಲಿ ರೈಲು ಹಿಡಿದು ವೈಟ್‌ಫೀಲ್ಡಿನ ಕಾರ್ಖಾನೆಗೆ ಹೋಗಿ ಬರುವವನು, ಸುದ್ದಿ ಕೇಳಿ ಊಟದ ತಟ್ಟೆಯ ಮುಂದೆಯೇ ನಕ್ಕ. "ಬೇತಮಂಗಲದ ಕೆರೆ ಕೋಡಿ ಬಿದ್ರೂ ಮಣ್ಣಿನ ಮೂಟೆ ಇಟ್ಟು ನಿಲ್ಲಿಸ್ಬೌದು ಕಣೆ. ನಿನ್ನ ಬಾಯಿ?"

"ನೋಡ್ತಿರಿ! ನಾನೀಗ ಬೇರೆ ರಾಧ."

"ಹಳೇ ರಾಧ ಎಲ್ಲಿಗೆ ಹೋದ್ಲು? ಅದನ್ನ ಹೇಳು ಮೊದ್ಲು."

"ಮುದ್ದೆ ಆರೋಗ್ತೈತೆ, ಸುಮ್ಕೆ ತಿನ್ನಿ!"

ಅದೇ ವಾರ ಧಾರಾವಾಹಿಯ ನಾಯಕಿ ಇಂದುಮತಿಯನ್ನು ಅವಳ ವಾರಗಿತ್ತಿ ಮಹಡಿಯ ಮೆಟ್ಟಿಲಿಂದ ದಬ್ಬಿಬಿಟ್ಟಳು. ಇಂದುಮತಿ ಆಸ್ಪತ್ರೆಯಲ್ಲಿ ಪ್ರಜ್ಞೆ ಇಲ್ಲದೆ ಮಲಗಿದಳು. ಮೂಗಿಗೆ ಕೊಳವೆ, ಹಣೆಗೆ ಕಟ್ಟು, ಮುಖಕ್ಕೆ ಮಾತ್ರ ಮದುಮಗಳ ಅಲಂಕಾರ. ಊರಿನ ಒಲೆಗಳ ಮುಂದೆ ಕಣ್ಣೀರು ಹರಿಯಿತು. ಎಲ್ಲರಿಗಿಂತ ಹೆಚ್ಚು ಹರಿದದ್ದು ನರಸಮ್ಮನ ಮನೆಯಲ್ಲಿ.

ನರಸಮ್ಮ ಗಂಡುಮಕ್ಕಳನ್ನೇ ಹೆತ್ತ ವಯಸ್ಸಾದ ಹೆಂಗಸು, ಊರಿನ ಸೊಸೆಯರಿಗೆಲ್ಲ ಅತ್ತೆ. ಹೆಣ್ಣುಮಗು ಬೇಕೆಂದು ಬೇಡದ ದೇವರಿರಲಿಲ್ಲ, ಕೊಟ್ಟ ದೇವರೂ ಇರಲಿಲ್ಲ. ಈಗ ಈ ವಯಸ್ಸಿನಲ್ಲಿ ಏಳು ಗಂಟೆಗೆ ಸರಿಯಾಗಿ ಅವಳ ಮನೆಗೆ ಒಬ್ಬ ಮಗಳು ಬರುತ್ತಿದ್ದಳು. "ನಮ್ ಇಂದುಮತಿ" ಎಂದೇ ಅವಳ ಮಾತು. ಆ ಮಗಳು ಆಸ್ಪತ್ರೆ ಸೇರಿದ ಮರುದಿನವೇ ನರಸಮ್ಮ ಊರ ಗಂಗಮ್ಮನ ಗುಡಿಗೆ ಹೋಗಿ ಕೈಮುಗಿದಳು: 'ತಾಯಿ, ಆ ಕೂಸು ಕಣ್ಣು ಬಿಟ್ಟರೆ ನಿನಗೆ ತಂಬಿಟ್ಟಿನ ದೀಪ ಹೊತ್ತು ತರುತ್ತೇನೆ. ಅಲ್ಲಿಯವರೆಗೂ ಒಪ್ಪೊತ್ತು.'

ಒಪ್ಪೊತ್ತು ಎಂದರೆ ದಿನಕ್ಕೆ ಒಂದೇ ಊಟ. ನರಸಮ್ಮನಿಗೋ ಸಕ್ಕರೆ ಕಾಯಿಲೆ!

ಇದು ಡೈರಿಯ ಸಾಲಿನಲ್ಲಿ ತಿಳಿದಾಗ ರಾಧಳ ನಾಲಿಗೆಯ ತುದಿ ಉರಿಯಿತು. ಯಾಕೆಂದರೆ ಅವಳಿಗೆ ಗೊತ್ತು. ತೆಲುಗಿನಲ್ಲಿ ಇಂದುಮತಿ ಯಾವಾಗಲೋ ಎದ್ದು ಕುಳಿತು, ಮನೆಗೆ ಬಂದು, ವಾರಗಿತ್ತಿಯ ಕೆನ್ನೆಗೆ ಎರಡು ಬಿಟ್ಟೂ ಆಗಿತ್ತು. ಆದರೆ ಆಣೆ! ರಾಧ ಸೆರಗನ್ನು ಬಾಯಿಗೆ ತುರುಕಿಕೊಂಡಳು.

"ಹಲ್ಲು ನೋವಾ ಅಕ್ಕಾ?" ಎಂದು ಕಲಾ ಕೇಳಿದಳು.

"ಊಂ" ಎಂದಳು ರಾಧ ಸೆರಗಿನೊಳಗಿಂದ.

ಇಂದುಮತಿ ಕಣ್ಣು ಬಿಡಲಿಲ್ಲ. ಧಾರಾವಾಹಿಯವರು ಅವಳ ರೆಪ್ಪೆಯ ಸುತ್ತಲೇ ದಿನ ತಳ್ಳುತ್ತಿದ್ದರು. ಇತ್ತ ನರಸಮ್ಮನ ಕೆನ್ನೆ ಒಳಕ್ಕೆ ಹೋಯಿತು. ಕೊನೆಗೊಂದು ಬೆಳಿಗ್ಗೆ ಸಾಲಿನಲ್ಲಿ ನಿಂತಿದ್ದ ಹಾಗೇ ಅವಳಿಗೆ ಕಣ್ಣು ಕತ್ತಲಿಟ್ಟಿತು. ಕ್ಯಾನು ಉರುಳಿತು. ಹಾಲು ಡೈರಿಯ ಅಂಗಳದಲ್ಲಿ ಹರಿಯಿತು.

ಹೆಂಗಸರು ಓಡಿ ಬಂದರು. ಕಲಾ ನೀರು ಚಿಮುಕಿಸಿದಳು. ಹಾಲು ಅಳೆಯುತ್ತಿದ್ದ ಡೈರಿಯ ಸಾಯಿಕುಮಾರ್ ಒಂದು ಬೆಲ್ಲದ ಚೂರು ತಂದು ಹಿಡಿದ. ನರಸಮ್ಮ ಬಾಯಿ ಬಿಗಿದಳು. "ಬ್ಯಾಡಪ್ಪ. ಕೂಸು ಅಲ್ಲಿ ಅಂಗೆ ಮನಗೈತೆ. ನಾನೆಂಗೆ ತಿನ್ಲಿ?"

ಆಗ ಕೋಡಿ ಬಿತ್ತು.

"ತಿನ್ನಿ ಅತ್ತೆ, ತಿನ್ನಿ! ಅವಳಿಗೇನೂ ಆಗಲ್ಲ! ಎದ್ದು ಕೂತ್ಕೊಂತಾಳೆ!"

ಇಲ್ಲಿಗೆ ನಿಲ್ಲಿಸಿದ್ದರೆ ಗಂಗಮ್ಮನೂ ಕ್ಷಮಿಸುತ್ತಿದ್ದಳು. ಒಂದು ಜೀವ ಉಳಿಸಿದ ಪುಣ್ಯವೂ ಬರುತ್ತಿತ್ತು. ಆದರೆ ಅಷ್ಟು ದಿನ ಕಟ್ಟಿದ್ದ ನೀರು ಒಂದು ಕೊಡದಲ್ಲಿ ನಿಲ್ಲುತ್ತದೆಯೇ? ಇಂದುಮತಿ ಎದ್ದಳು, ವಾರಗಿತ್ತಿ ಜೈಲಿಗೆ ಹೋದಳು, ಮಾವನ ಇನ್ನೊಂದು ಸಂಸಾರ ಬಯಲಾಯಿತು, ಅವಳಿ ಮಕ್ಕಳಾದವು, ಒಂದನ್ನು ನರ್ಸು ಬದಲಾಯಿಸಿದಳು! ಎಲ್ಲ ಹೊರಗೆ ಬಂದ ಮೇಲೆ ರಾಧ ಉಸಿರು ಎಳೆದುಕೊಂಡಳು. ಎಷ್ಟು ಹಾಯಾಗಿತ್ತು!

"ಅಡಪ್ಪಾವಿ!" ಎಂದು ಕಲಾ ಹಣೆ ಬಡಿದುಕೊಂಡಳು. "ದೀಪಾವಳಿವರೆಗೂ ನೋಡೋದು ಏನೂ ಉಳಿಸಿಲ್ವಲ್ಲಕ್ಕಾ! ಅಲ್ಲಾ, ತಮಿಳಲ್ಲೂ ಇದೇ ಕಥೆ ಬರ್ತೈತೆ. ಅದ್ರಲ್ಲಿ ಬಿದ್ದಿದ್ದು ಇಂದುಮತಿನೇ ಅಲ್ಲ, ಅವಳತ್ತೆ. ಕನ್ನಡದಲ್ಲೂ ಬದಲಾಯಿಸಿದ್ರೆ?"

"ತಮಿಳಿಂದು ಕಾಪಿ ಕಣಮ್ಮಾ. ತೆಲುಗೇ ಮೂಲ. ಕನ್ನಡದೋರು ಸೀರೆ ಬಣ್ಣ ಬಿಟ್ರೆ ಏನೂ ಬದಲಾಯ್ಸಿಲ್ಲ. ನಾನು ನೋಡಿ ಹೇಳ್ತಿರೋದು!"

ಸಾಯಿಕುಮಾರ್ ತನ್ನಷ್ಟಕ್ಕೆ ತಾನು ಹೇಳಿಕೊಂಡ: "ಹಾಲಲ್ಲಿ ನೀರು ಕಂಡ್ಹಿಡಿಯೋಕೆ ಮಿಷನ್ ಕೊಟ್ಟವ್ರೆ. ಮಾತಿಗೆ ಕೊಟ್ಟಿಲ್ಲ."

ನರಸಮ್ಮ ಮಾತ್ರ ರಾಧಳ ಕೈ ಹಿಡಿದುಕೊಂಡಳು. ಕಣ್ಣಲ್ಲಿ ನೀರು. "ನಿಜ್ವಾಗ್ಲೂ ಎದ್ದೇಳ್ತಾಳೇನಮ್ಮಿ?"

"ನನ್ ಕಣ್ಣಾರೆ ನೋಡಿದೀನಿ ಅತ್ತೆ!"

"ನಿನ್ ಬಾಯಿಗೆ ಸಕ್ರೆ ಆಕ" ಎಂದು ನರಸಮ್ಮ ಬೆಲ್ಲ ಬಾಯಿಗೆ ಹಾಕಿಕೊಂಡಳು.

ಅಂದಿನಿಂದ ರಾಧಳ ಕಾಲು ನೆಲದ ಮೇಲಿರಲಿಲ್ಲ. ನರಸಮ್ಮನಿಗೆ ಹರಕೆಯನ್ನು ಬಾಕಿ ಇಟ್ಟುಕೊಳ್ಳುವುದು ಆಗದು. ಮಗಳು ಏಳುವುದು ಗೊತ್ತಾದ ಮೇಲೆ ಗಂಗಮ್ಮ ತಾಯಿಯನ್ನು ಕಾಯಿಸುವುದು ಯಾಕೆಂದು ಶುಕ್ರವಾರವೇ ಅಕ್ಕಿ ಹಿಟ್ಟು, ಬೆಲ್ಲ ಕಲಸಿ ತಂಬಿಟ್ಟು ಮಾಡಿದಳು. ನಡುವೆ ಗುಳಿ ತೆಗೆದು, ತುಪ್ಪ ಹೊಯ್ದು, ಬತ್ತಿ ಇಟ್ಟು, ಸುತ್ತ ಕನಕಾಂಬರ ಸುತ್ತಿದಳು. ತಮಟೆಯೂ ಬಂತು! ಮುಂದೆ ದೀಪ ಹೊತ್ತ ನರಸಮ್ಮ, ಪಕ್ಕದಲ್ಲಿ ರೇಷ್ಮೆ ಸೀರೆಯುಟ್ಟ ರಾಧ, ಹಿಂದೆ ಬಹಿಷ್ಕಾರ ಹಾಕಿದ್ದ ಅದೇ ಹೆಂಗಸರು. ದಾರಿಯಲ್ಲಿ ಯಾರೋ "ಏನಮ್ಮಾ ವಿಶೇಷ?" ಎಂದರೆ ನರಸಮ್ಮನಿಗಿಂತ ಮೊದಲು ರಾಧಳೇ ಹೇಳಿದಳು: "ಇಂದುಮತಿ ಹುಷಾರಾಗ್ತಾಳೆ, ಅದಕ್ಕೆ!"

ಪೂಜಾರಿ ಹರಕೆ ಯಾರ ಹೆಸರಲ್ಲಿ ಎಂದು ಕೇಳಿದಾಗ ಮಾತ್ರ ಕ್ಷಣ ತಡವರಿಕೆಯಾಯಿತು. ಇಂದುಮತಿಯ ನಕ್ಷತ್ರ ಯಾರಿಗೂ ಗೊತ್ತಿರಲಿಲ್ಲ.

ಸೋಮವಾರದ ಸಂಚಿಕೆ 'ಮಹಾ ತಿರುವು' ಎಂದು ಟಿವಿಯವರು ಸಾರಿದರು. ನರಸಮ್ಮನ ಮನೆಯಲ್ಲಿ ಜನವೋ ಜನ. ರಾಧಳಿಗೆ ಟಿವಿಯ ಎದುರೇ ಕುರ್ಚಿ. ಕಾಲು ಜೋಡಿಸಿ ಕುಳಿತು ಹರಿಕಥೆ ದಾಸರ ಹಾಗೆ ವಿವರಣೆ ಶುರು ಮಾಡಿದಳು.

"ನೋಡ್ತಿರಿ, ಈಗ ಗಂಡ ಬರ್ತಾನೆ."

ಗಂಡ ಬಂದ.

"ಈಗ ಕೈ ಹಿಡ್ಕೊಂತಾನೆ."

ಹಿಡಿದುಕೊಂಡ. "ಅಬ್ಬಬ್ಬಾ!" ಎಂದರು ಹೆಂಗಸರು.

"ಈಗ ನೋಡಿ, ಕಿರುಬೆರಳು ಅಲ್ಲಾಡ್ತೈತೆ. ಅತ್ತೆ, ಕಿರುಬೆರಳೇ ನೋಡಿ!"

ಎಲ್ಲರೂ ಕಿರುಬೆರಳನ್ನೇ ನೋಡಿದರು. ಅದು ಅಲ್ಲಾಡಲಿಲ್ಲ. ಪಕ್ಕದ ಯಂತ್ರದಲ್ಲಿ ಗುಡ್ಡ ಹತ್ತಿ ಇಳಿಯುತ್ತಿದ್ದ ಗೆರೆ ನೆಟ್ಟಗೆ ಮಲಗಿತು. ಡಾಕ್ಟರು ಕನ್ನಡಕ ತೆಗೆದರು. ನರ್ಸು ಬಿಳಿ ಬಟ್ಟೆಯನ್ನು ಇಂದುಮತಿಯ ಮುಖದವರೆಗೂ ಎಳೆದಳು. ಜಾಹೀರಾತು ಬಂತು.

ಸೋಪಿನ ಹುಡುಗಿ ಒಬ್ಬಳೇ ಹಾಡುತ್ತಿದ್ದಳು.

"ಅದು... ಕನಸಿರ್ಬೇಕು" ಎಂದಳು ರಾಧ. ಅವಳ ಸ್ವರ ಅವಳಿಗೇ ಬೇರೆ ಯಾರದೋ ಎನಿಸಿತು. "ಗಂಡನಿಗೆ ಬಿದ್ದ ಕನಸು ಅತ್ತೆ. ನೋಡ್ತಿರಿ, ಜಾಹೀರಾತು ಮುಗಿದ್ಮೇಲೆ ಬೆಚ್ಚಿ ಎದ್ದೇಳ್ತಾನೆ."

ಜಾಹೀರಾತು ಮುಗಿಯಿತು. ಗಂಡ ಎದ್ದಿದ್ದ ನಿಜ. ಮಡಕೆ ಹೊತ್ತು ಚಿತೆಯ ಸುತ್ತ ತಿರುಗುತ್ತಿದ್ದ. ಮುಂದಿನ ದೃಶ್ಯದಲ್ಲಿ ಇಂದುಮತಿಯ ಫೋಟೊ, ಗಂಧದ ಹಾರ.

ಕಲಾ ಫೋನು ನೋಡಿ ಮೆಲ್ಲಗೆ ಹೇಳಿದಳು: "ಆ ಆಕ್ಟ್ರೆಸ್‌ಗೆ ಸಿನಿಮಾ ಸಿಕ್ಕಿತಂತೆ ಅಕ್ಕಾ. ಸೀರಿಯಲ್ ಬಿಟ್ಟುಬಿಟ್ಳಂತೆ. ಅದಕ್ಕೇ ಮುಗಿಸಿಬಿಟ್ಟವ್ರೆ." ಕುಚೇಷ್ಟೆಯ ಕಲಾಳ ದನಿಯಲ್ಲೂ ನಗು ಇರಲಿಲ್ಲ.

ನರಸಮ್ಮ ಎದ್ದಳು. ಯಾರ ಮುಖವನ್ನೂ ನೋಡಲಿಲ್ಲ. ಟಿವಿ ಆರಿಸಿ, ಬಚ್ಚಲಿಗೆ ಹೋಗಿ, ತಲೆಯ ಮೇಲೆ ತಣ್ಣೀರು ಸುರಿದುಕೊಂಡಳು. ಸಾವಿನ ಮನೆಯಿಂದ ಬಂದವರು ಸುರಿದುಕೊಳ್ಳುವ ಹಾಗೆ. ಆ ನೀರಿನ ಸದ್ದು ಕೇಳುತ್ತ ಹೆಂಗಸರು ಒಬ್ಬೊಬ್ಬರೇ ಜಾಗ ಖಾಲಿ ಮಾಡಿದರು. ರಾಧ ಆ ಕುರ್ಚಿಯಿಂದ ಏಳಲಾರದೆ ಎದ್ದಳು. ಒಬ್ಬರಾದರೂ ಬೈದಿದ್ದರೆ! ಯಾರೂ ಬೈಯಲಿಲ್ಲ.

ಮನೆಯಲ್ಲಿ ಮುನೇಶ್ ಬೂಟು ಬಿಚ್ಚುತ್ತಿದ್ದ. "ಏನಾಯ್ತೇ ನಿಮ್ ಇಂದುಮತಿ ಕಥೆ?" ಎಂದ. ರಾಧ ಉತ್ತರ ಕೊಡಲಿಲ್ಲ. ಅವನು ಗಾಬರಿಯಿಂದ ಅವಳ ಹಣೆ ಮುಟ್ಟಿ ಜ್ವರ ನೋಡಿದ.

ಬೆಳಿಗ್ಗೆ ಹಸು ಎಂದಿನಂತೆ ಸುಮ್ಮನೆ ನಿಂತು ಹಾಲು ಕೊಟ್ಟಿತು. ಒದ್ದಿದ್ದರೆ ಎಷ್ಟೋ ಚೆನ್ನಾಗಿತ್ತು ಎನಿಸಿತು ರಾಧಳಿಗೆ. ಡೈರಿಯ ಸಾಲಿನಲ್ಲಿ ನರಸಮ್ಮ ಕಾಣಲಿಲ್ಲ. "ರಾತ್ರಿ ಒಂದ್ ತುತ್ತೂ ಮುಟ್ಟಿಲ್ವಂತೆ" ಎಂದಳು ಕಲಾ. ಕ್ಯಾನನ್ನು ಅವಳ ಕೈಗೆ ಕೊಟ್ಟು ರಾಧ ಮನೆಗೆ ಓಡಿದಳು. ಬಿಸಿ ಮುದ್ದೆ, ಅವರೆಕಾಳಿನ ಸಾರು ಬಟ್ಟಲಿಗೆ ಹಾಕಿಕೊಂಡು, ಮುಚ್ಚಳ ಮುಚ್ಚಿ ನರಸಮ್ಮನ ಮನೆಗೆ ಹೊರಟಳು. ಅಲ್ಲಿ ಬೀಗ. ಅಂಗಳದ ಕಲ್ಲಿನ ಮೇಲೆ ಕುಳಿತಳು. ದಾರಿಯಲ್ಲಿ ಹೋಗುವವರೆಲ್ಲ ತನ್ನ ಬಾಯಿಯನ್ನೇ ನೋಡುತ್ತಿರುವ ಹಾಗನಿಸಿ ತಲೆ ತಗ್ಗಿಸಿದಳು. ಕೇಳದ ದೇವರ ಮೇಲೆ ನಂಬಿಕೆ ಇಟ್ಟೇ ಬದುಕಿದ್ದ ಹೆಂಗಸು ಒಂದು ಸಲ ರಾಧಳನ್ನು ನಂಬಿದ್ದಳು. ಹರಕೆಯೂ ಹೋಯಿತು, ಮಗಳೂ ಹೋದಳು.

ನರಸಮ್ಮ ಒದ್ದೆ ತಲೆಯಲ್ಲಿ, ಹಣೆಗೆ ಕುಂಕುಮ ಇಟ್ಟುಕೊಂಡು ಗುಡಿಯ ಕಡೆಯಿಂದ ಬಂದಳು. ರಾಧ ಬಟ್ಟಲು ಕೆಳಗಿಟ್ಟು ಅವಳ ಕಾಲು ಹಿಡಿದಳು.

"ತಪ್ಪಾಯ್ತತ್ತೆ. ನನ್ ಮಾತು ನಂಬಿ ಮುಂಚೇನೇ ದೀಪ ಹೊತ್ರಿ. ತಾಯಿ ಹತ್ರ ನಿಮ್ಮನ್ನ ಸುಳ್ಳುಗಾತಿ ಮಾಡ್ಬಿಟ್ಟೆ."

"ಏಳಮ್ಮಿ, ಮೇಲೇಳು." ನರಸಮ್ಮ ಅವಳ ತೋಳು ಹಿಡಿದು ಎಬ್ಬಿಸಿದಳು. ಬಟ್ಟಲಿನ ಮುಚ್ಚಳ ತೆಗೆದು ನೋಡಿದಳು. "ಅವರೇಕಾಳಾ? ಒಳ್ಳೇದಾಯ್ತು, ತಿಂತೀನಿ. ಇನ್ನು ಒಪ್ಪೊತ್ತು ಇಲ್ಲ. ಒಂಟೋದ ಕೂಸಿಗೆ ಎಷ್ಟು ದಿನ ಅಂತ ಅಳಾದು?"

"ಮತ್ತೆ ಆ ಹರಕೆ, ಅತ್ತೆ? ಆ ದೀಪ ಸುಮ್ನೆ ದಂಡ ಆಯ್ತಲ್ಲ..."

"ದಂಡ ಯಾಕಾಗ್ತದೆ? ತಾಯಿಗೆ ಅಚ್ಚಿದ ದೀಪ ದಂಡ ಆಗಾದುಂಟಾ?" ನರಸಮ್ಮ ಮುದ್ದೆ ಮುರಿದು ಸಾರಿನಲ್ಲಿ ಅದ್ದಿದಳು. "ಅದ್ನೇ ಕೇಳ್ಕೊಂಡು ಬಂದೆ ಈಗ. ಇಂದುಮತಿ ಕಣ್ಣು ಬಿಡಾದಂತೂ ಆಗ್ಲಿಲ್ಲ, ಓಗ್ಲಿ ಬಿಡು, ಆ ದೀಪಕ್ಕೆ ಬದ್ಲು ನಮ್ ರಾಧನ ಬಾಯಾದ್ರೂ ಮುಚ್ಚಿಸು ತಾಯಿ ಅಂತ."