ಬೀಗಣ್ಣನವರು ಬೀಗರಾಗುವ ಮುನ್ನ ಮನೆಗೊಂದು ಪ್ರಿಂಟರ್ ಕೊಡಿಸುವ ಬಗ್ಗೆ

ಇಂದ:
ಅರ್ಜಿದಾರಳು,
ನಿವೃತ್ತ ಟೆಲಿಫೋನ್ ಆಪರೇಟರ್, ಹಾಲಿ ತಮ್ಮ ತಾಯಿ,
ಐದನೇ ಮಹಡಿ, ಅಡುಗೆಮನೆಗೆ ಹೊಂದಿಕೊಂಡ ಕೋಣೆ.

ಗೆ:
ಮಾನ್ಯ ಖರೀದಿ ಅಧಿಕಾರಿಗಳು
(ಹಗಲು ಆಸ್ಪತ್ರೆಗೆ, ಸಂಜೆ ಈ ಮನೆಗೆ),
ಅದೇ ಮಹಡಿ, ಒಳಗಿನಿಂದ ಚಿಲಕ ಹಾಕಿರುವ ಕೋಣೆ.

ವಿಷಯ: ಮನೆ ಬಳಕೆಗೆ ಹೊಸ ಪ್ರಿಂಟರ್ ಮಂಜೂರು ಮಾಡುವ ಬಗ್ಗೆ, ಹಾಗೂ ತನ್ಮೂಲಕ ತಮ್ಮದೇ ಮದುವೆಯನ್ನು ಉಳಿಸಿಕೊಳ್ಳುವ ಬಗ್ಗೆ.

ಉಲ್ಲೇಖ: ೧) "ಇನ್ಮೇಲೆ ನಿಂಗೇನು ಬೇಕಾದ್ರೂ ಬರೆದು ಕೊಡು, ನನ್ನ ಹತ್ರ ಮಾತಾಡ್ಬೇಡ" ಎಂಬ ತಮ್ಮ ಮೌಖಿಕ ಆದೇಶ.
೨) ತದನಂತರ ಬಾಗಿಲು ಬಡಿದ ಸದ್ದು.

ಮಾನ್ಯ ಮಗಳೇ,

ಮೇಲ್ಕಂಡ ವಿಷಯಕ್ಕೆ ಸಂಬಂಧಿಸಿದಂತೆ ಅರ್ಜಿದಾರಳು ತಮ್ಮ ಸಿಟ್ಟು ಇಳಿಯುವುದನ್ನು ಕಾಯದೆ ಅರಿಕೆ ಮಾಡಿಕೊಳ್ಳುವುದೇನೆಂದರೆ:

೧. ಅರ್ಜಿದಾರಳು ಸೇವೆಯಲ್ಲಿದ್ದಷ್ಟು ಕಾಲ ಊರಿನವರ ಮಾತೆಲ್ಲ ಅವಳ ಕಿವಿಯ ಮೇಲೆ ಬಿದ್ದೇ ಮುಂದೆ ಹೋಗುತ್ತಿತ್ತು. ಯಾರು ಯಾರಿಗೆ ಸುಳ್ಳು ಹೇಳಿದರು, ಯಾರ ಸಂಬಂಧ ಎಲ್ಲಿ ಮುರಿಯಿತು, ಎಲ್ಲವೂ ಗೊತ್ತು. ಆದರೆ ಒಂದು ಮಾತನ್ನೂ ಹೊರಗೆ ಬಿಡುವಂತಿರಲಿಲ್ಲ. ಆ ಕಾರಣದಿಂದ ನಿವೃತ್ತಿಯ ನಂತರ ಅವಳ ಹೊಟ್ಟೆ ಉಬ್ಬರಿಸತೊಡಗಿತು. ವೈದ್ಯರು ಗಾಳಿಯೆಂದರು. ಅದು ಮಾತು. ಆದ್ದರಿಂದ ಅವಳು ಕೆಳಗಡೆ ಲಿಫ್ಟಿನ ಪಕ್ಕದ ಗೋಡೆಗೆ 'ಮೆಟ್ಟಿಲ ಮಾತು' ಎಂಬ ಒಂದು ಹಾಳೆಯ ಪತ್ರಿಕೆಯನ್ನು ಅಂಟಿಸಲು ಶುರುಮಾಡಿದಳು. ಲಿಫ್ಟ್ ಕೆಟ್ಟು ಜನ ಅಲ್ಲೇ ನಿಂತು ಕಾಯುತ್ತಿದ್ದುದರಿಂದ ಓದುಗರಿಗೆ ಕೊರತೆಯಾಗಲಿಲ್ಲ. ಲಿಫ್ಟ್ ರಿಪೇರಿಯಾದ ಮೇಲೂ ಓದುವುದಕ್ಕೆಂದೇ ಜನ ಮೆಟ್ಟಿಲಿಳಿದು ಬರತೊಡಗಿದರು. ಈ ಹೊಗಳಿಕೆ ಅರ್ಜಿದಾರಳದಲ್ಲ, ನಾಲ್ಕನೇ ಮಹಡಿಯ ದಾದಿಯದು.

೨. ಸದರಿ ಪತ್ರಿಕೆಯನ್ನು ಮುದ್ರಿಸುತ್ತಿದ್ದ ಯಂತ್ರವು ತಾವು ಕಾಲೇಜಿಗೆ ಹೋಗುವಾಗ ಕೊಂಡು, ಬೇಜಾರಾದ ಮೇಲೆ ತಾಯಿಯ ಪಾಲಿಗೆ ಬಿಟ್ಟ ಇಂಕಿನ ಪ್ರಿಂಟರ್. ಅದರ ಸ್ವಭಾವ ತಮಗೆ ಗೊತ್ತಿರುವಂಥದ್ದೇ. ಕಪ್ಪು ಅಕ್ಷರ ಕೇಳಿದರೆ ಹಳದಿ ಇಂಕ್ ಇಲ್ಲವೆಂದು ಮುನಿಸಿಕೊಳ್ಳುತ್ತದೆ. ಹಳದಿ ಹಾಕಿದರೆ ಗುಲಾಬಿ ಎಲ್ಲಿ ಎನ್ನುತ್ತದೆ. ಎಲ್ಲ ಬಣ್ಣ ತುಂಬಿ ನಿಂತರೆ ನಮ್ಮ ಕಂಪ್ಯೂಟರನ್ನೇ ತಾನು ಕಂಡಿಲ್ಲವೆಂದು ಮುಖ ತಿರುಗಿಸುತ್ತದೆ. ಹೆಡ್ ಒರೆಸಿ, ಬೈದು, ಆರಿಸಿ, ಹೊತ್ತಿಸಿ, ಕೊನೆಗೆ ಸುಮ್ಮನೆ ಮುಂದೆ ಕೂತು ಬೇಡಿಕೊಂಡರೆ ಒಂದು ಹಾಳೆ ಹೊರಗೆ ಬರುತ್ತದೆ.

ಇತ್ತೀಚೆಗೆ ಅದಕ್ಕೊಂದು ಹೊಸ ಚಾಳಿ ಹತ್ತಿತ್ತು. ಪ್ರತಿ ಸಾಲಿನ ಕೆಳಗಡೆ ಸಣ್ಣದೊಂದು ಬಿಳಿ ಪಟ್ಟಿ ಬಿಡುವುದು. ಬೇರೆ ಭಾಷೆಯವರಿಗೆ ಇದರಿಂದ ಅಂಥ ನಷ್ಟವಿಲ್ಲ. ಆದರೆ ನಮ್ಮ ಒತ್ತಕ್ಷರಗಳು ಕೂರುವುದು ಅಲ್ಲೇ. ಆ ಕಾರಣದಿಂದ ಬಟ್ಟೆ 'ಬಟೆ'ಯಾಯಿತು, ಹಲ್ಲು 'ಹಲು' ಆಯಿತು, ಅಪ್ಪ 'ಅಪ'ನಾದ. ಓದುಗರು ಸಹೃದಯರು. ಬಿಟ್ಟುಹೋದ ಒತ್ತುಗಳನ್ನು ತಾವೇ ಕೊಟ್ಟುಕೊಂಡು ಓದುವ ಅಭ್ಯಾಸ ಮಾಡಿಕೊಂಡರು. ಅನಾಹುತವಾಗಿದ್ದು ಈ ಒಳ್ಳೆಯತನದಿಂದಲೇ.

೩. ನಮ್ಮ ಕಟ್ಟಡದ ಸಂಘದ ಕಾರ್ಯದರ್ಶಿಗಳು ಮೀಟರ್ ಕೋಣೆಗೆ, ಸೈಕಲ್ ನಿಲ್ಲಿಸುವ ಜಾಗಕ್ಕೆ, ಅಂಗಳದ ನಲ್ಲಿಗೆ ಬೀಗ ಹಾಕಿಸಿ 'ಬೀಗಣ್ಣ' ಎಂಬ ಹೆಸರು ಸಂಪಾದಿಸಿದವರು. ಅವರು ತಾರಸಿಗೂ ಬೀಗ ಜಡಿದರು. ಬಟ್ಟೆ ಒಣಗಿಸಲು ಜಾಗವಿಲ್ಲದೆ ಇಡೀ ಕಟ್ಟಡದವರ ಒಳಉಡುಪುಗಳು ಬೀದಿ ನೋಡತೊಡಗಿದವು. ಇಂಥ ಸಂದರ್ಭದಲ್ಲಿ ಪತ್ರಿಕೆ ಸುಮ್ಮನಿರಲು ಸಾಧ್ಯವಿಲ್ಲವೆಂದು ಅರ್ಜಿದಾರಳು ವಿಶೇಷ ಸಂಚಿಕೆ ಹೊರತಂದಳು. ಅದರಲ್ಲಿ ಅವಳು ಟೈಪ್ ಮಾಡಿದ ಎರಡು ವಾಕ್ಯಗಳನ್ನು ಇಲ್ಲಿ ಯಥಾವತ್ತಾಗಿ ಕೊಡಲಾಗಿದೆ:

"ತಾರಸಿಯ ಬೀಗದ ಕೈ ಕಾರ್ಯದರ್ಶಿಗಳ ಪತ್ನಿಯ ಸೊಂಟದಲ್ಲಿದೆ."

"ನಮ್ಮ ಕಾರ್ಯದರ್ಶಿಗಳೇ ಒಂದು ದೊಡ್ಡ ಕತೆ."

ಮೊದಲ ವಾಕ್ಯದಲ್ಲಿ ಯಂತ್ರವು ಒತ್ತನ್ನು ನುಂಗಿ, ಪತ್ನಿಯನ್ನು ಪತಿಯನ್ನಾಗಿಸಿತು. ಎರಡನೆಯ ವಾಕ್ಯದ 'ಕತೆ'ಗೆ ಒತ್ತೇ ಇರಲಿಲ್ಲ, ಯಂತ್ರ ಅದನ್ನು ಸರಿಯಾಗಿಯೇ ಮುದ್ರಿಸಿತು. ಆದರೆ ಓದುಗರು ಎಂದಿನ ಉದಾರತೆಯಿಂದ ಅಲ್ಲಿಗೂ ಒಂದು ಒತ್ತು ದಾನ ಮಾಡಿದರು. ಲಿಫ್ಟಿನ ಮುಂದೆ ಗಟ್ಟಿಯಾಗಿ ಓದಿಯೂಬಿಟ್ಟರು.

೪. ಅಂದು ಸಂಜೆ ತಾವು ಹರಿದ ಹಾಳೆಯನ್ನು ಮುಷ್ಟಿಯಲ್ಲಿ ಹಿಡಿದು, ಚಪ್ಪಲಿ ಕೂಡ ಬಿಡದೆ ಅಡುಗೆಮನೆಗೆ ಬಂದಿರಿ.

"ಅಮ್ಮಾ, ಯಾರನ್ನ ಕತ್ತೆ ಅಂತ ಬರ್ದಿದೀಯ, ಗೊತ್ತಾ ನಿಂಗೆ?"

"ನಾನು ಬರ್ದಿದ್ದು ಕತೆ ಕಣೇ. ಒತ್ತು ನೀವೇ ಹಾಕ್ಕೊಂಡ್ರೆ ನಾನೇನು ಮಾಡ್ಲಿ?"

"ಆ ಕತ್ತೆ ನನ್ನ ಮಾವ ಆಗೋರು!"

ಅರ್ಜಿದಾರಳ ಕೈಯಲ್ಲಿದ್ದ ಸೌಟು ಕೈಯಲ್ಲೇ ಉಳಿಯಿತು. ಎರಡನೇ ಮಹಡಿಯ ಕಾರ್ಯದರ್ಶಿಗಳ ಮಗ, ಬೀದಿ ತಿರುವಿನಲ್ಲಿ ಕನ್ನಡಕದ ಅಂಗಡಿ ಇಟ್ಟಿರುವವರು, ತಮಗೆ ಪರಿಚಯವೆಂದು ಅವಳಿಗೆ ತಿಳಿದಿತ್ತು. ಆ ಪರಿಚಯ ಎಷ್ಟು ದೂರ ಹೋಗಿದೆ ಎಂಬುದು ತಿಳಿದಿರಲಿಲ್ಲ. ಕಣ್ಣು ಚೆನ್ನಾಗಿದ್ದರೂ ತಾವು ಪದೇಪದೇ ಪರೀಕ್ಷೆ ಮಾಡಿಸಿಕೊಳ್ಳಲು ಹೋಗುತ್ತಿದ್ದುದು ಆಗ ಅರ್ಥವಾಯಿತು. ಬರುವ ಭಾನುವಾರ ಅವರ ಮನೆಯವರು ಮಾತುಕತೆಗೆ ಬರುವವರಿದ್ದರಂತೆ. ಶನಿವಾರ ಅಮ್ಮನಿಗೆ ಹೇಳೋಣವೆಂದು ತಾವಿದ್ದಿರಂತೆ. ಈಗ ಬರುವುದಿಲ್ಲವಂತೆ. ಇಷ್ಟನ್ನು ಹೇಳಿ ತಾವು ಅತ್ತಿರಿ. ತದನಂತರ ಉಲ್ಲೇಖ ಒಂದು ಮತ್ತು ಎರಡು ನಡೆದವು.

ಮಗಳ ಬಾಳಿನ ಸುದ್ದಿಯನ್ನು ಇಡೀ ಕಟ್ಟಡದ ಸುದ್ದಿ ಬರೆಯುವವಳೇ ಎಲ್ಲರಿಗಿಂತ ಕೊನೆಗೆ ತಿಳಿದದ್ದು ಅರ್ಜಿದಾರಳಿಗೆ ಬಹಳ ನೋವುಂಟುಮಾಡಿತು ಎಂಬುದನ್ನು ಇಲ್ಲಿ ದಾಖಲಿಸಲಾಗಿದೆ. ಹಾಗೆಯೇ, 'ಆ ಕತ್ತೆ' ಎಂದು ಬಾಯಿಬಿಟ್ಟು ಅಂದವರು ಈ ಮನೆಯಲ್ಲಿ ತಾವೊಬ್ಬರೇ ಎಂಬುದನ್ನೂ.

೫. ಆದಕಾರಣ ಅರ್ಜಿದಾರಳು ಮಾರನೇ ದಿನ ಬೆಳಿಗ್ಗೆ ಒಳ್ಳೆಯ ಸೀರೆ ಉಟ್ಟು ಎರಡನೇ ಮಹಡಿಗೆ ಇಳಿದಳು. ಒಳಗಿನಿಂದ ಬೀಗ, ಅಗುಳಿ, ಸರಪಳಿ ಒಂದೊಂದಾಗಿ ಬಿಚ್ಚಿಕೊಳ್ಳುವುದನ್ನು ಕೇಳುತ್ತ ನಿಂತಿದ್ದಳು. ಬಾಗಿಲು ತೆರೆದವರು ಕಾರ್ಯದರ್ಶಿಗಳ ಪತ್ನಿ (ಇಲ್ಲಿ ಒತ್ತನ್ನು ಗಮನಿಸತಕ್ಕದ್ದು). ಅವರು ಅರ್ಜಿದಾರಳನ್ನು ಕಂಡವರೇ ಸೆರಗನ್ನು ಬಾಯಿಗೊತ್ತಿಕೊಂಡು ನಕ್ಕರು.

"ಬನ್ನಿ ಬನ್ನಿ. ಇಷ್ಟು ವರ್ಷ ಸಂಸಾರ ಮಾಡಿದೀನಿ, ಈ ಮನೇಲಿ ಗಂಡ ಯಾರು ಅಂತ ಕೊನೆಗೂ ನೀವೊಬ್ರು ಅಚ್ಚು ಹಾಕಿದ್ರಿ!"

"ಅವ್ರನ್ನ ಕೂತ್ಕೊಳ್ಳಿ ಅನ್ಬೇಡ," ಎಂದು ಒಳಗಿನಿಂದ ಒಂದು ಧ್ವನಿ ಬಂತು.

"ಕೂತಾಯ್ತು ರೀ."

ಕಾರ್ಯದರ್ಶಿಗಳು ಹೊರಬಂದರು. ಮುಖ ಊದಿತ್ತು. ರಾತ್ರಿ ಊಟ ಬಿಟ್ಟಿದ್ದರೆಂದು ಕಾಣುತ್ತದೆ. "ಎಲ್ರೂ ಓದಿದಾರೆ, ನಾನು ಕತ್ತೆ ಅಂತ," ಎಂದರು. ಅದನ್ನು ಹೇಳುವಾಗ ಅವರ ದನಿ ನಡುಗಿತು. ಬೀಗಣ್ಣನವರಿಗೂ ಎದೆಯೊಳಗೆ ಏನೋ ಇದೆಯೆಂದು ಅರ್ಜಿದಾರಳಿಗೆ ಮೊದಲ ಸಲ ಅನ್ನಿಸಿತು.

"ಓದಿದ್ದು ಈಗ. ಗೊತ್ತಿದ್ದಿದ್ದು ಮೊದ್ಲಿಂದ್ಲೂ," ಎಂದರು ಅವರ ಪತ್ನಿ.

"ನೀನು ಸುಮ್ನಿರು. ನೋಡಿ, ನೀವು ಅಚ್ಚು ಹಾಕಿ ಬೈದಿದೀರಿ. ಅಚ್ಚು ಹಾಕೇ ಕ್ಷಮೆ ಕೇಳ್ಬೇಕು. ಅದೇ ಗೋಡೆ, ಅದೇ ಸೈಜು. ಒತ್ತುಗಳೆಲ್ಲ ಇರ್ಬೇಕು. ಹಾಗಾದ್ರೆ ಭಾನುವಾರ ಬರ್ತೀವಿ."

"ಕೈಯಲ್ಲೇ ಬರ್ದು ಅಂಟಿಸ್ತೀನಲ್ಲ, ಈಗ್ಲೇ."

"ನಿಮ್ಮ ಕೈಬರಹ ನೋಡಿದೀನಿ. ಬೇಡ."

ಅರ್ಜಿದಾರಳು ತಾರಸಿಯ ಬೀಗದ ಮಾತೆತ್ತಿದಳು. ಕಾರ್ಯದರ್ಶಿಗಳು ಗೋಡೆ ನೋಡಿದರು, ಪತ್ನಿ ಗಂಡನನ್ನು ನೋಡಿದರು. ಕ್ಷಮೆ ಅಂಟಿದ ದಿನವೇ ಬೀಗ ತೆಗೆಯುವುದೆಂದು ತೀರ್ಮಾನವಾಯಿತು. ಬಾಗಿಲವರೆಗೆ ಕಳಿಸಲು ಬಂದ ಪತ್ನಿಯವರು ಕಿವಿಯ ಹತ್ತಿರ ಬಂದು, "ಕತ್ತೆ ತಿದ್ದಿ. ಪತಿ ಮಾತ್ರ ಹಾಗೇ ಇರ್ಲಿ," ಎಂದು ಕೇಳಿಕೊಂಡರು.

೬. ಹೊರಗಡೆ ಪ್ರಿಂಟ್ ಹಾಕಿಸಬಹುದಿತ್ತಲ್ಲ ಎಂದು ತಾವು ಕೇಳುವುದು ಸಹಜ. ಜೆರಾಕ್ಸ್ ಅಂಗಡಿಗೆ ಹೋಗಿದ್ದಾಯಿತು. ಅಂಗಡಿಯವರು ಕ್ಷಮಾಪಣೆಯನ್ನು ತೆರೆದು ಸಾಲಿನಲ್ಲಿ ನಿಂತವರಿಗೆಲ್ಲ ಓದಿ ಹೇಳಿದರು. ಒಬ್ಬರು "ತುಂಬಾ ಬಗ್ಗಿದೀರಿ" ಎಂದರು, ಇನ್ನೊಬ್ಬರು "ಇನ್ನೂ ಸ್ವಲ್ಪ ಬಗ್ಗಿ" ಎಂದರು, ಮೂರನೆಯವರು ಕತ್ತೆ ಯಾರೆಂದು ವಿಚಾರಿಸಿದರು. ಅರ್ಜಿದಾರಳು ಅದನ್ನು ಅಳಿಸಿ ಎಂದು ಹೇಳಿ, ಅಳಿಸುವವರೆಗೂ ನಿಂತಿದ್ದು, ಬರಿಗೈಯಲ್ಲಿ ವಾಪಸಾದಳು. ಆದ್ದರಿಂದ ಮನೆಯಲ್ಲೇ ಪ್ರಿಂಟರ್ ಇರುವುದು ಅನಿವಾರ್ಯ.

೭. ಪ್ರಿಂಟರ್ ಅಂಗಡಿಗೆ ಅವಳ ಜೊತೆ ಬಂದವರು ಕನ್ನಡಕದ ಅಂಗಡಿಯವರು. ಕರೆದದ್ದು ಅವಳೇ. ಹುಡುಗನನ್ನು ನೋಡಿದ ಹಾಗೂ ಆಗುತ್ತದೆಂಬುದು ಅವಳ ದೂರಾಲೋಚನೆ. ಅವರು ತಮ್ಮ ಅಂಗಡಿಯ ಭೂತಕನ್ನಡಿಯನ್ನು ಜೇಬಿನಲ್ಲಿಟ್ಟುಕೊಂಡು ಬಂದಿದ್ದರು.

ಅಂಗಡಿಯ ಸೇಲ್ಸ್‌ಮನ್ ಮೊದಲು ಇಂಕಿನದೊಂದು ತೋರಿಸಿ, ಗಿಳಿಯ ಫೋಟೋ ಮುದ್ರಿಸಿಕೊಟ್ಟ.

"ನೋಡಿ ಮೇಡಂ, ಎಷ್ಟು ಬಣ್ಣ! ಗಿಳಿ ಹಾರಿ ಬಂದ ಹಾಗಿದೆ."

"ಗಿಳಿ ಇರ್ಲಿ ಕಣಪ್ಪ. ಇದ್ರಲ್ಲಿ ಪತ್ನಿ ಬರ್ತಾಳಾ?"

"ಮೇಡಂ?"

"ಪತ್ನಿ. ಪೂರ್ತಿ ಬರ್ಬೇಕು. ಕೆಳಗಡೆ ಕತ್ತರಿಸಿ ಹೋಗ್ಬಾರ್ದು."

ಸೇಲ್ಸ್‌ಮನ್ ಎರಡು ಹೆಜ್ಜೆ ಹಿಂದೆ ಸರಿದ. ಕನ್ನಡಕದವರು ಮಧ್ಯೆ ಬಂದು, ನಗು ತಡೆದುಕೊಂಡು, ಒಂದು ಕಾಗದದಲ್ಲಿ ಪತ್ನಿ, ಬಟ್ಟೆ, ಸ್ವಾತಂತ್ರ್ಯ, ದಾರಿದ್ರ್ಯ ಎಂದು ಬರೆದುಕೊಟ್ಟು ಇದನ್ನು ಮುದ್ರಿಸಿ ಎಂದರು. ಆಮೇಲೆ ಅಂಗಡಿಯಲ್ಲಿದ್ದ ಪ್ರಿಂಟರುಗಳೆಲ್ಲ ಸಾಲಾಗಿ ದಾರಿದ್ರ್ಯ ಮುದ್ರಿಸಿದವು. ಸಿಕ್ಕಿದ ಫಲಿತಾಂಶ ಹೀಗಿದೆ:

ಅ) ಡಬ್ಬಿ ಇಂಕಿನದು. ಅಗ್ಗ. ಒತ್ತು ಪರವಾಗಿಲ್ಲ. ಆದರೆ ದಿನಾ ಬಳಸದಿದ್ದರೆ ಒಳಗೇ ಒಣಗುತ್ತದೆ. ಹಳೆಯದರ ತಂಗಿ. ಬೇಡ.

ಆ) ಟ್ಯಾಂಕ್ ಇಂಕಿನದು. ಬಣ್ಣ ಬೇಕಾದಷ್ಟು. ದಿನವೂ ಚಿತ್ರ ಮುದ್ರಿಸುವ ಮನೆಗೆ, ಶಾಲೆಗೆ ಹೋಗುವ ಮಕ್ಕಳಿರುವ ಮನೆಗೆ ಒಳ್ಳೆಯದು. ನಮ್ಮ ಮನೆಯಲ್ಲಿ ಸದ್ಯಕ್ಕೆ ಮಕ್ಕಳಿಲ್ಲ. ಮುಂದಿನದು ತಮಗೆ ಬಿಟ್ಟದ್ದು.

ಇ) ಲೇಸರ್. ಕಪ್ಪು ಮಾತ್ರ. ಒಳಗಿರುವುದು ಪುಡಿ, ಹಾಗಾಗಿ ಒಣಗುವ ಪ್ರಶ್ನೆಯೇ ಇಲ್ಲ. ಜಗಳಕ್ಕೂ ಜಗಳಕ್ಕೂ ನಡುವೆ ಎಷ್ಟು ಬಿಡುವಾದರೂ ಮೊದಲ ಹಾಳೆಯೇ ಸ್ಪಷ್ಟವಾಗಿ ಬರುತ್ತದೆ. ಸ್ವಾತಂತ್ರ್ಯದ ಒತ್ತುಗಳು ಒಂದರ ಕೆಳಗೊಂದು ಮಣಿ ಪೋಣಿಸಿದಂತಿದ್ದವು. ಕನ್ನಡಕದವರು ಭೂತಕನ್ನಡಿ ಹಿಡಿದು ಒಂದೊಂದನ್ನೂ ನೋಡಿ, "ಇದೇ ಆಂಟಿ" ಎಂದರು. ಅವರು ಅವಸರದವರಲ್ಲ ಎಂಬುದನ್ನು ಅರ್ಜಿದಾರಳು ಮನಸ್ಸಿನಲ್ಲಿ ಗುರುತು ಹಾಕಿಕೊಂಡಳು.

ವಾಪಸು ಬರುವಾಗ ಅವಳು ಕೇಳಿದಳು: "ನಮ್ಮ ಹುಡುಗಿ ಸಿಟ್ಟು ಬಂದ್ರೆ ಮಾತು ಬಿಡ್ತಾಳೆ. ಗೊತ್ತಲ್ಲ?"

"ಗೊತ್ತು. ನಮ್ಮನೇಲಿ ಸಿಟ್ಟು ಬಂದ್ರೆ ಬೀಗ ಹಾಕ್ತಾರೆ. ಅದಕ್ಕಿಂತ ಇದು ಎಷ್ಟೋ ವಾಸಿ ಆಂಟಿ."

ಅಲ್ಲಿಗೆ ಅರ್ಜಿದಾರಳ ಕಡೆಯಿಂದ ಹುಡುಗ ಮಂಜೂರಾದ. ಪ್ರಿಂಟರ್ ಮಾತ್ರ ಬಾಕಿ.

೮. ಆದ್ದರಿಂದ, ಹಾಗೂ ಮೇಲಿನ ಎಲ್ಲ ಕಾರಣಗಳಿಂದ, ಕಲಂ ೭(ಇ)ರಲ್ಲಿ ಕಾಣಿಸಿದ ಲೇಸರ್ ಪ್ರಿಂಟರನ್ನು ಭಾನುವಾರದ ಒಳಗೆ ಕೊಡಿಸಬೇಕೆಂದು ಕೋರಲಾಗಿದೆ. ಆಸ್ಪತ್ರೆಯ ಪದ್ಧತಿಯಂತೆ ಬೇರೆ ಬೇರೆ ಅಂಗಡಿಗಳ ದರಪಟ್ಟಿ ತರಿಸಿ, ಸಮಿತಿ ಕರೆದು, ಷರಾ ಬರೆದು ಕೂರಬಾರದು. ಅಷ್ಟರಲ್ಲಿ ಕನ್ನಡಕದವರಿಗೆ ಬೇರೆ ಕಡೆ ಹೆಣ್ಣು ನೋಡಿಬಿಡುತ್ತಾರೆ. ಮದುವೆಯ ತರುವಾಯ ಸದರಿ ಯಂತ್ರವು ಐದನೇ ಮಹಡಿಯಲ್ಲೇ ಉಳಿಯತಕ್ಕದ್ದು. ತಾವು ಎರಡನೇ ಮಹಡಿಗೆ ಹೋಗುವುದಕ್ಕೆ ಅರ್ಜಿದಾರಳ ಆಕ್ಷೇಪಣೆ ಇಲ್ಲ. ಇದ್ದರೂ ಅದನ್ನು ಇಲ್ಲಿ ಬರೆಯುವುದಿಲ್ಲ.

ತಮ್ಮ ವಿಶ್ವಾಸ ಸದ್ಯಕ್ಕೆ ಇಲ್ಲದಿದ್ದರೂ ತಮ್ಮವಳೇ ಆದ,
ಅಮ್ಮ
(ಅರ್ಜಿದಾರಳು)

ಲಗತ್ತುಗಳು:
೧) ಕ್ಷಮಾಪಣೆಯ ಕರಡು. ಕತ್ತೆಯನ್ನು ತಿದ್ದಲಾಗಿದೆ. ಪತಿಯನ್ನು ಹೆಂಗಸರ ಒಪ್ಪಂದದಂತೆ ಹಾಗೇ ಬಿಡಲಾಗಿದೆ.
೨) ಲೇಸರಿನಲ್ಲಿ ಮುದ್ರಿತವಾದ ದಾರಿದ್ರ್ಯ, ಒಂದು ಹಾಳೆ.
೩) ಗಿಳಿ. ಬೇಡವೆಂದರೂ ಕೊಟ್ಟರು.
೪) ಮುಚ್ಚಳ ಹಾಕಿದ ತಟ್ಟೆಯಲ್ಲಿ ತಮ್ಮ ಊಟ, ಬಾಗಿಲ ಹೊರಗೆ.

ವಿಶೇಷ ಸೂಚನೆ: ಲೇಸರ್ ಯಂತ್ರದಲ್ಲಿ ಕಾಗದ ಸಿಕ್ಕಿಕೊಳ್ಳುವುದೇ ಇಲ್ಲವೆಂದು ಸೇಲ್ಸ್‌ಮನ್ ಹೆಮ್ಮೆಯಿಂದ ಹೇಳಿದ. ಆಗೊಮ್ಮೆ ಈಗೊಮ್ಮೆಯಾದರೂ ಸಿಕ್ಕಿಕೊಳ್ಳುವಂಥದ್ದು ಇದೆಯೇ, ಬಿಡಿಸಲು ಕೆಳಗಿನ ಮಹಡಿಯಿಂದ ಯಾರನ್ನಾದರೂ ಕರೆಯಲೇಬೇಕಾಗುವಂಥದ್ದು, ಎಂದು ಅರ್ಜಿದಾರಳು ಮತ್ತೆ ಮತ್ತೆ ಕೇಳಿದಳು. ಅವನಿಗೆ ಅರ್ಥವಾಗಲಿಲ್ಲ. ತೀರಾ ದಪ್ಪ ಕಾಗದ ಹಾಕಿದರೆ ಮಾತ್ರ ಸಿಕ್ಕಿಕೊಂಡೀತು, ಅದನ್ನು ಯಾವ ಕಾರಣಕ್ಕೂ ಹಾಕಬೇಡಿ ಎಂದ. ಆದ್ದರಿಂದ ಪ್ರಿಂಟರಿನ ಜೊತೆಗೆ ಒಂದು ಕಟ್ಟು ದಪ್ಪ ಕಾಗದವನ್ನೂ ಕೊಡಿಸಬೇಕಾಗಿ ವಿನಂತಿ.