ಪನ್ನೀರಿನ ಗ್ಯಾಸ್ಕೆಟ್

ನಾದಿನಿ ವೀಣಾಳ ಸೀಮಂತಕ್ಕೆ ಪನ್ನೀರನ್ನು ನಾನೇ ಮನೆಯಲ್ಲಿ ಭಟ್ಟಿ ಇಳಿಸುತ್ತೇನೆ ಎಂದು ಘೋಷಿಸಿದಾಗ, ನಾವಿರುವ ಇಂಗ್ಲಿಷ್ ಊರಾದ ಸಟನ್ನಿನ ಕನ್ನಡಿಗರ ವಾಟ್ಸಾಪ್ ಗುಂಪಿನಲ್ಲಿ ಚಪ್ಪಾಳೆಯೋ ಚಪ್ಪಾಳೆ! ಹತ್ತಿರದ ಟೂಟಿಂಗಿನ ಇಂಡಿಯನ್ ಅಂಗಡಿಯ ಪನ್ನೀರು ಸೋಪಿನ ವಾಸನೆ ಹೊಡೆಯುತ್ತದೆ ಎಂದು ಮೂಗು ಮುರಿದವನೂ ನಾನೇ.

ಹೆಂಡತಿ ಶೋಭಾ ಉಡುಪಿಯವಳು. ಹಿತ್ತಲಿನಲ್ಲಿ ತಾನು ಮುದ್ದಿನಿಂದ ಬೆಳೆಸಿದ್ದ ಗುಲಾಬಿಗಳನ್ನೆಲ್ಲ ತಂಗಿಗಾಗಿ ಒಂದೂ ಬಿಡದೆ ಕೊಯ್ದು ಕೊಟ್ಟಳು.

"ಹಾಳು ಮಾಡ್ಬೇಡಿ ಮಾರಾಯ್ರೆ. ಇನ್ನು ಹೂ ಬೇಕಾದ್ರೆ ಬರುವ ವರ್ಷವೇ."

"ನಾನು ಇಂಜಿನಿಯರ್ ಕಣೇ!" ಎಂದೆ. ಸಾಫ್ಟ್‌ವೇರ್ ಎಂಬ ಪದವನ್ನು ನುಂಗಿಕೊಂಡೆ.

ಆನ್‌ಲೈನಿನಲ್ಲಿ ತರಿಸಿದ ಕೊಳವೆಯಿರುವ ಸ್ಟೀಲ್ ಭಟ್ಟಿಪಾತ್ರೆಗೆ ನೀರು ತುಂಬಿ, ಕುದಿಸಿ ಪರೀಕ್ಷಿಸಿದೆ. ಹಬೆ ಕೊಳವೆಯಲ್ಲಿ ಹೋಗುವ ಬದಲು ಮುಚ್ಚಳದ ಸುತ್ತಲಿಂದ ಬುಸ್ಸೆಂದು ಹೊರಬಂತು. ಮುಚ್ಚಳಕ್ಕೊಂದು ಗ್ಯಾಸ್ಕೆಟ್ ಬೇಕು! ನಿಂತಲ್ಲಿ ನಿಲ್ಲಲಾಗದೆ ಅಂಗಡಿಗೆ ಓಡಿ, ಕಪ್ಪು ರಬ್ಬರ್ ಹಾಳೆ ತಂದು, ದುಂಡಗೆ ಕತ್ತರಿಸಿ ಕೂರಿಸಿದೆ. ಅಡುಗೆಮನೆಯಲ್ಲಿ ಟಯರ್ ಸುಟ್ಟ ವಾಸನೆ. ಮತ್ತೆ ಓಡಿ, ಬಚ್ಚಲಿನ ಸಂದಿಗೆ ಬಳಿಯುವ ಅಂಟು ತಂದೆ. ಅದರ ಟ್ಯೂಬಿನ ಬೆನ್ನನ್ನು ಓದಿದ ಶೋಭಾ ಹೌಹಾರಿದಳು.

"ಇದ್ರಲ್ಲಿ ಬೂಷ್ಟು ಸಾಯಿಸುವ ಮದ್ದುಂಟು! ನನ್ನ ತಂಗಿ ಬಸುರಿ, ಗೊತ್ತುಂಟಾ ನಿಮಗೆ?"

ಅಡುಗೆಮನೆಯಲ್ಲಿ ಶತಪಥ ತಿರುಗಿದೆ. ಆಗ ಕಣ್ಣಿಗೆ ಬಿತ್ತು ನಮ್ಮ ಕುಕ್ಕರ್! ಅದರ ಗ್ಯಾಸ್ಕೆಟ್ ಸಿಲಿಕೋನಿನದು. ಆಹಾರಕ್ಕೆಂದೇ ಮಾಡಿದ್ದು, ಕುದಿಯುವ ಶಾಖಕ್ಕೆ ಜಗ್ಗದು, ವಿಷವಿಲ್ಲ. ಅಳತೆಯೂ ಸರಿಯಾಗಿ ಕೂತಿತು. ವಿಜ್ಞಾನಕ್ಕೆ ಜಯವಾಗಲಿ!

ಇಡೀ ಮಧ್ಯಾಹ್ನ ಗುಲಾಬಿಯ ಹಬೆಯಲ್ಲೇ ನಿಂತಿದ್ದರಿಂದ ನನ್ನ ಮೂಗು ರಜೆಯ ಮೇಲಿತ್ತು. ಇಳಿದ ನೀರು ಸ್ಫಟಿಕದಂತಿತ್ತು. ಶೋಭಾಳಿಗೂ ಮೂಸಲು ಕೊಡದೆ ಬಾಟಲಿಯ ಬಿರಡೆ ಬಿಗಿದೆ. ಸಸ್ಪೆನ್ಸ್ ಇರಲಿ ಎಂದು!

ಸೀಮಂತದ ದಿನ ಸಮಾರಂಭದ ಹಾಲ್‌ನ ಬಾಗಿಲಲ್ಲಿ ನಿಂತು, ಬೆಳ್ಳಿಯ ಪನ್ನೀರುದಾನಿಯಿಂದ ಬಂದವರಿಗೆಲ್ಲ ಧಾರಾಳವಾಗಿ ಚಿಮುಕಿಸಿದೆ. ರೇಷ್ಮೆ ಸೀರೆಗಳು ಒಂದೊಂದಾಗಿ ನಿಂತು ಮೂಸಿಕೊಳ್ಳತೊಡಗಿದವು. ವೀಣಾಳ ಅತ್ತೆ ಅಂಗೈ ಮೂಸಿ, "ಹುಳಿಗೆ ಒಗ್ಗರಣೆ ಆಯ್ತಾ? ಇಂಗು ಲಾಯ್ಕ ಬಿದ್ದಿದೆ" ಎಂದರು.

ಮಗಳು ಕಣ್ಣರಳಿಸಿದಳು. "ಡ್ಯಾಡ್, ಎವ್ರಿವನ್ ಸ್ಮೆಲ್ಸ್ ಲೈಕ್ ಲಂಚ್!"

ಶೋಭಾ ತನ್ನ ಸೆರಗನ್ನು ಮೂಸಿದಳು. ಆಮೇಲೆ ನನ್ನನ್ನು ನೋಡಿದಳು.

"ಕುಕ್ಕರಿನ ಗ್ಯಾಸ್ಕೆಟ್ ಹಾಕಿದ್ರಾ?"

ಸಿಲಿಕೋನ್ ಹಬೆಯನ್ನು ಬಿಡುವುದಿಲ್ಲ, ನಿಜ. ಕುಡಿದ ವಾಸನೆಯನ್ನೂ ಎಷ್ಟು ತೊಳೆದರೂ ಬಿಡುವುದಿಲ್ಲವಂತೆ! ನಮ್ಮ ಮನೆಯಲ್ಲಿ ಕುದಿದ ಅಷ್ಟೂ ಹುಳಿಯನ್ನು ಅದು ಜೋಪಾನವಾಗಿ ಇಟ್ಟುಕೊಂಡು, ಬಿಸಿ ಹಬೆ ತಗಲಿದ್ದೇ ಪನ್ನೀರಿಗೆ ಧಾರೆಯೆರೆದಿತ್ತು. ಗಣಪತಿಯನ್ನು ಮಾಡಲು ಹೋಗಿ ಅವರಪ್ಪನನ್ನು ಮಾಡಿದಂತಾಯಿತು. ನಾಚಿಕೆಗಿಂತ ಹೆಚ್ಚಾಗಿ ಕಾಡಿದ್ದು ಅವಳ ಬೋಳು ಗಿಡಗಳು.

ಮರುದಿನ ಶೋಭಾ ಗ್ಯಾಸ್ಕೆಟನ್ನು ತೊಳೆದು, ಕುಕ್ಕರಿಗೆ ಮರಳಿಸಿ ಬೇಳೆಗಿಟ್ಟಳು. ಮೂರನೇ ಸೀಟಿಗೆ ಮನೆಯೆಲ್ಲ ಘಮ್ಮೆಂದಿತು. ಗುಲಾಬಿ! ಅವಳ ಹೂವಿನ ಪರಿಮಳ ಕೊನೆಗೂ ಇಳಿದಿತ್ತು, ಸಾಂಬಾರಿಗೆ.

"ನೀವೇ ಮಾಡಿದ್ದಲ್ವಾ, ನೀವೇ ಉಣ್ಣಿ" ಎಂದು ನನ್ನ ತಟ್ಟೆಗೆ ಬಡಿಸಿದಳು.

ಇಂಜಿನಿಯರು ಎರಡನೇ ಸಲವೂ ಹಾಕಿಸಿಕೊಂಡು ತಿಂದರು.