ಉಲ್ಕೆಗಳಿಗೆ ನಮ್ಮ ಮನೆಯ ಟೈಮು

ಸಮಯಕ್ಕೆ ಮೊದಲೇ ಹಾಜರಾಗುವವನೆಂದು ನನಗೆ ಒಳ್ಳೆಯ ಹೆಸರಿದೆ. ಅದರ ಗುಟ್ಟು ಇಷ್ಟೆ: ನೈರೋಬಿಯ ಸೌತ್ ಬಿ ಬಡಾವಣೆಯ ನಮ್ಮ ಮನೆಯ ಗೋಡೆ ಗಡಿಯಾರವನ್ನು ಐದು ನಿಮಿಷ ಮುಂದಿಟ್ಟು, ಕೈಗಡಿಯಾರವನ್ನೂ ಅದಕ್ಕೇ ಹೊಂದಿಸಿಕೊಳ್ಳುತ್ತೇನೆ. ಮೈಸೂರಿನಲ್ಲಿ ನಮ್ಮಪ್ಪನೂ ಇದನ್ನೇ ಮಾಡುತ್ತಿದ್ದರು. ನೈರೋಬಿಯಲ್ಲಿ ಇಪ್ಪತ್ತು ವರ್ಷ ಗಣಿತ ಪಾಠ ಹೇಳಿದರೂ ಈ ಲೆಕ್ಕದಲ್ಲಿ ನನಗೆ ತಪ್ಪು ಕಂಡಿರಲಿಲ್ಲ.

ನನ್ನ ಗೆಳೆಯ ಫೆಲಿಕ್ಸ್ ಮಂಗಳೂರಿನವರು, ನೈರೋಬಿಯಿಂದ ನಲವತ್ತು ಕಿಲೋಮೀಟರ್ ಆಚೆಯ ಥಿಕಾ ಊರಿನ ಶಾಲೆಯೊಂದರಲ್ಲಿ ವಿಜ್ಞಾನದ ಮೇಷ್ಟ್ರು. ತೊಂಬತ್ತರ ದಶಕದ ಕೊನೆಯ ಒಂದು ನವೆಂಬರಿನಲ್ಲಿ ಉಲ್ಕೆಗಳು ಎಂದಿಗಿಂತ ಜೋರಾಗಿ ಸುರಿಯುವ ಸಂಭವವಿತ್ತು. ಹೊಟ್ಟೆಯಲ್ಲಿ ಕ್ಯಾನ್ಸರ್ ಇದ್ದ ಅವರಿಗೆ ಇನ್ನೊಂದು ನವೆಂಬರ್ ಸಿಗುವಂತಿರಲಿಲ್ಲ. "ಪುಸ್ತಕದಲ್ಲಿ ಉಂಟು, ಆದರೆ ಅದು ಬೇರೆಯವರು ಅಳೆದದ್ದು. ಸಾಯುವ ಮೊದಲು ಒಂದು ಉಲ್ಕೆಯ ಹಾದಿ ನಾವೇ ಅಳೆಯುವ ಮಾರಾಯ್ರೆ," ಎಂದರು. ಒಂದೇ ಉಲ್ಕೆಯನ್ನು ಥಿಕಾದಿಂದ ಅವರು, ನಮ್ಮ ತಾರಸಿಯಿಂದ ನಾನು ಫೋಟೋ ತೆಗೆಯಬೇಕು. ನಕ್ಷತ್ರಗಳ ನಡುವೆ ಅದು ಎರಡು ಚಿತ್ರಗಳಲ್ಲಿ ಎಷ್ಟು ಸರಿದಿದೆ ಎಂದು ನೋಡಿದರೆ ಎತ್ತರ ಸಿಗುತ್ತದೆ. ಅವರ ಕ್ಯಾಮೆರಾದ ಮುಂದೆ ತಿರುಗುವ ಟೇಬಲ್ ಫ್ಯಾನಿನ ರೆಕ್ಕೆ ಗೆರೆಯನ್ನು ತುಂಡರಿಸಿ ವೇಗ ಹೇಳುತ್ತದೆ. ಆಮೇಲೆ, ಸೂರ್ಯನ ಸುತ್ತ ಅದು ಬಂದ ಕಕ್ಷೆ. "ಇಬ್ಬರಿಗೂ ಸಿಕ್ಕಿದ್ದು ಒಂದೇ ಉಲ್ಕೆ ಎಂದು ಗೊತ್ತಾಗುವುದು ಹೊತ್ತಿನಿಂದ. ಗಡಿಯಾರವನ್ನು ಮಾತ್ರ ರೇಡಿಯೋದಲ್ಲಿ ಗಂಟೆಗೆ ಸರಿಯಾಗಿ ಬರುವ ಪಿಪ್‌ಗೆ ಸರಿ ಮಾಡಿಕೊಳ್ಳಿ," ಎಂದು ಎರಡೆರಡು ಸಲ ಹೇಳಿದ್ದರು.

ನನಗೆ ಕಂಬಳಿ, ಫ್ಲಾಸ್ಕು, ಮಂಕಿ ಟೋಪಿ ಎಲ್ಲ ನೆನಪಿತ್ತು, ಪಿಪ್ ಒಂದು ಬಿಟ್ಟು. ಬರೆದ ಹೊತ್ತಿನಿಂದ ಐದು ನಿಮಿಷ ಕಳೆದರಾಯಿತು ಎಂದುಕೊಂಡೆ. ಪಕ್ಕದ ಇಂಡಸ್ಟ್ರಿಯಲ್ ಏರಿಯಾದ ದೀಪಗಳನ್ನೂ ಮಂಕಾಗಿಸುವ ಉಲ್ಕೆಗಳು ಬಿದ್ದವು. ಒಂದೊಂದರ ಹೊತ್ತನ್ನೂ ಮುತ್ತಿನಂಥ ಅಕ್ಷರದಲ್ಲಿ ಬರೆದಿಟ್ಟೆ. ಫೋಟೋಗಳು ತೊಳೆದು ಬಂದಾಗ ನನ್ನ ಲೆಕ್ಕದಿಂದ ಐದು ನಿಮಿಷ ಕಳೆದರೂ ಅವರ ಹೊತ್ತಿಗೆ ಒಂದೂ ಹೊಂದಲಿಲ್ಲ. ಮನೆಯಲ್ಲಿ ವಿಚಾರಿಸಿದೆ.

"ನಾನೂ ಒಂದ್ನಾಲ್ಕು ನಿಮಿಷ ಮುಂದಿಟ್ಟಿದ್ದೆ ಕಣ್ರೀ, ಎಷ್ಟು ಸಲ ಅಂತ ನೆನಪಿಲ್ಲ," ಎಂದಳು ಹೆಂಡತಿ.

"ಮೀ ಟೂ, ಅಪ್ಪ. ಸ್ಕೂಲ್ ವ್ಯಾನ್‌ಗೆ," ಎಂದಳು ಮಗಳು.

ಅಷ್ಟರಲ್ಲಿ ಆ ಗಡಿಯಾರದ ಸೆಲ್ ಮುಗಿದು, ಹೊಸದು ಹಾಕಿ, ಎರಡೂ ಗಡಿಯಾರಗಳ ಮುಳ್ಳು ತಿರುಗಿಸಿಯೂ ಆಗಿತ್ತು; ಆ ರಾತ್ರಿ ಅವು ಎಷ್ಟು ಮುಂದಿದ್ದವೆಂದು ತಿಳಿಯುವ ದಾರಿಯಿರಲಿಲ್ಲ. ಉಲ್ಕೆಗಳೋ ರಾಶಿ ರಾಶಿ. ಯಾವ ಗೆರೆಗೆ ಯಾವುದನ್ನು ಜೋಡಿಸಿದರೂ ಏನೋ ಒಂದು ಉತ್ತರ ಬರುತ್ತಿತ್ತು. ಒಂದು ಉಲ್ಕೆಯಂತೂ ನೆಲದೊಳಗಿಂದ ಹೊರಟಿತ್ತು.

ಫೆಲಿಕ್ಸ್ ಆಸ್ಪತ್ರೆ ಸೇರಿದ್ದರು. ಹೋದಾಗಲೆಲ್ಲ "ಎಂತ ಬಂತು?" ಎನ್ನುವರು. ಕೊನೆಗೆ ನಾನು ಪುಸ್ತಕದ ಕಕ್ಷೆಯನ್ನೇ ತೆಗೆದು, ಕೊನೆಯ ಅಂಕಿಗಳನ್ನು ಅಷ್ಟಿಷ್ಟು ಕೆಡಿಸಿ, ನೀಟಾಗಿ ಬರೆದು ಕೊಟ್ಟೆ. ಅವರು ಕನ್ನಡಕ ಹಾಕಿಕೊಂಡು ಮೂರು ಸಲ ಓದಿದರು. "ಟೇಬಲ್ ಫ್ಯಾನಿನಲ್ಲಿ ಇಷ್ಟು ಹತ್ತಿರ ಬಂತಲ್ಲ ಮಾರಾಯ್ರೆ!" ಎಂದು ನರ್ಸನ್ನೂ ಕರೆದು ತೋರಿಸಿದರು. ನನಗೆ ಅಲ್ಲಿ ಕೂರಲಾಗಲಿಲ್ಲ. ಮುಂದಿನ ಭಾನುವಾರ ನಿಜ ಹೇಳಿಬಿಡುವುದೆಂದು ನಿರ್ಧರಿಸಿದೆ. ಶುಕ್ರವಾರ ಅವರು ಹೋದರು.

ಮಣ್ಣು ಮಾಡುವ ದಿನ ಇಗರ್ಜಿಯಲ್ಲಿ ಅವರ ಹೆಂಡತಿ ನನ್ನ ಕೈ ಹಿಡಿದು, "ನಿಮ್ಮ ಆ ಕಾಗದವನ್ನು ಅವರಿಗೆ ತೊಡಿಸಿದ ಕೋಟಿನ ಕಿಸೆಯಲ್ಲೇ ಇಟ್ಟಿದ್ದೇನೆ," ಎಂದರು. ಮನೆಯವರನ್ನು ಬಿಟ್ಟರೆ ಅಲ್ಲಿಗೆ ಎಲ್ಲರಿಗಿಂತ ಮೊದಲು ಬಂದವನು ನಾನೇ. ಎಷ್ಟು ಮೊದಲು ಎಂದು ಮಾತ್ರ ಕೇಳಬೇಡಿ. ಕೈಗಡಿಯಾರವನ್ನು ಅವತ್ತೂ ನಮ್ಮ ಗೋಡೆಯದಕ್ಕೇ ಹೊಂದಿಸಿಕೊಂಡು ಹೊರಟಿದ್ದೆ.